ಬಳೆಗಾಡಿಯ ದಾರಿ

ಹಿಂದಿನ ಸೀಟಿನಿಂದ ಸಣ್ಣಗೆ ಕಿಣಿಕಿಣಿ ಸದ್ದು. ಡಬ್ಬಿಗಳಲ್ಲಿ ಹಸಿರು ಗಾಜಿನ ಬಳೆಗಳು ಒಂದಕ್ಕೊಂದು ತಾಗುತ್ತಿದ್ದವು. ಆ ಸದ್ದು ಜೋರಾದರೆ ರಸ್ತೆ ಕೆಟ್ಟಿದೆ ಎಂದು ತಿಳಿದು ಬಿಬಿಜಾನ ಕಾರಿನ ವೇಗ ತಗ್ಗಿಸುತ್ತಾಳೆ. ಅವಳು ಕಿವಿಗೊಡುವ ಇನ್ನೊಂದು ದನಿ ಮುಂದಿನ ಗಾಜಿಗೆ ಅಂಟಿಸಿದ ಜಿಪಿಎಸ್ ಪೆಟ್ಟಿಗೆಯದು. ಅಂಗೈಯಗಲದ ಪರದೆಯ ಮೇಲೆ ನೀಲಿ ಗೆರೆ ಎಳೆದು, ಎಡ ಬಲವನ್ನು ಅದು ಹಿಂದಿಯಲ್ಲಿ ಹೇಳುತ್ತದೆ.

ಇಂಡಿ ಪಟ್ಟಣದ ಬಳೆಗಾರರ ಮನೆಯ ಬಿಬಿಜಾನ ಹರೆಯದಿಂದಲೂ ಬಸ್ಸಿನಲ್ಲಿ ಊರೂರು ತಿರುಗಿದವಳು. ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದ ಎಷ್ಟೋ ಮದುಮಕ್ಕಳ ಕೈಗೆ ಬಳೆ ಇಡಿಸಿದ್ದಾಳೆ. ಆದರೆ ದಾರಿ ಮಾತ್ರ ಒಂದೂ ಗೊತ್ತಿರಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟು, ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಿಂದ ಅವುಚಿಕೊಳ್ಳುವವಳಿಗೆ ಕಿಟಕಿಯಾಚೆ ನೋಡಲು ಬಿಡುವೆಲ್ಲಿತ್ತು?

ಹೋದ ವರ್ಷ ಕಾರು ನಡೆಸಲು ಕಲಿತು, ಸೊಲ್ಲಾಪುರದವರೊಬ್ಬರ ಹಳೆಯ ಗಾಡಿ ತಂದಳು. ಪೆಟ್ಟಿಗೆ ಅದರ ಜೊತೆಗೇ ಬಂತು. ಒಮ್ಮೆ ವಿಜಯಪುರದಿಂದ ಮರಳುವಾಗ ಪರದೆಯ ಮೇಲಿನ ಮನೆಯ ಚಿತ್ರ ಒತ್ತಿದಳು. ಅದು ಹಳೆಯ ಮಾಲೀಕನ ಮನೆ. ಸೊಲ್ಲಾಪುರದ ದಾರಿಯಲ್ಲಿ ಝಳಕಿ ದಾಟಿದ ಮೇಲೆಯೇ ಅವಳಿಗೆ ಗುಮಾನಿ ಬಂದದ್ದು. ಮಗಳು ಆಯೇಶಾ ಆ ಚಿತ್ರಕ್ಕೆ ಇಂಡಿಯ ಮನೆಯನ್ನು ಕೂಡಿಸಿಕೊಟ್ಟಳು. ಆದರೂ ಅಣ್ಣ ಮೋದಿನಸಾಬ ಆ ಮಾತನ್ನು ಬಿಡಲಿಲ್ಲ. ಗಾಡಿ ಮಾರಿಬಿಡು ಎಂದು ಹಟ ಹಿಡಿದ. ಮನೆಯಲ್ಲಿ ಅವನ ಮಾತಿಗೆ ಎದುರಿಲ್ಲ.

ಕೊನೆಗೆ ಒಂದು ಕರಾರಾಯಿತು. ಮುದ್ದೇಬಿಹಾಳದ ಹನಮವ್ವನ ಮಗಳು ಪಲ್ಲವಿಗೆ ಹೊತ್ತು ನೆತ್ತಿಗೇರುವ ಮೊದಲು ಮದುವೆಯ ಬಳೆ ಇಡಿಸಬೇಕು. ಯಾರನ್ನೂ ದಾರಿ ಕೇಳದೆ ಅಷ್ಟರೊಳಗೆ ಮುಟ್ಟಿದರೆ ಕಾರು ಉಳಿಯುತ್ತದೆ. ತಪ್ಪಿದರೆ ಮತ್ತೆ ಬಸ್ಸು. ನೋಡಿಯೇ ಬಿಡುತ್ತೇನೆಂದು ಅಣ್ಣ ಇಂದು ಪಕ್ಕದಲ್ಲೇ ಕುಳಿತಿದ್ದ.

"ಬಾಗೇವಾಡಿ ದಾಟಿದ್ವಿ. ಸೊಲ್ಲಾಪುರ ಇನ್ನೂ ಬರಲಿಲ್ಲಲ್ಲ ತಂಗಿ?"

"ಬಂದ್ರ ನಿನ್ನ ಇಳಸ್ತೇನಿ. ಒಂದ ಚಾದರ ತಗೊಂಡ ಬಾ."

ಮುಂದಿನ ಹಳ್ಳಿಯ ಹೊರಗೆ ರಸ್ತೆಯ ಉದ್ದಕ್ಕೂ ಕೊಯ್ದ ತೊಗರಿ ಹಾಸಿದ್ದರು. ಲಾರಿ, ಬಸ್ಸು ಹಾಯ್ದಷ್ಟೂ ಕಾಳು ಉದುರುತ್ತದೆ; ಈ ಕಡೆಯ ಸುಗ್ಗಿಯಲ್ಲಿ ಡಾಂಬರೇ ಕಣ. ಪೆಟ್ಟಿಗೆಗೆ ತೊಗರಿ ಕಾಣುವುದಿಲ್ಲ. ನೇರ ಹೋಗು ಎಂದಿತು.

"ಹಾಯಿಸು. ಎಲ್ಲಾರೂ ಹಾಯಿಸ್ತಾರ," ಎಂದ ಮೋದಿನಸಾಬ.

"ನಮ್ಮದು ಗಿಡ್ಡ ಗಾಡಿ ಅಣ್ಣಾ. ತೊಗರಿ ಕಟ್ಟಿಗಿ ಕೆಳಗ ಸುತ್ತಕೊಂಡು ಬೆಂಕಿ ಹತ್ತತೈತಿ."

"ಹಂಗಾದ್ರ ಹೊಳ್ಳಿ ಬಾಗೇವಾಡಿಗೆ ಹೋಗಿ ಸುತ್ತ ಹಾಕು. ಮಧ್ಯಾಹ್ನ ದಾಟತೈತಿ. ಕರಾರ ಅಂದ್ರ ಕರಾರ."

ಬಿಬಿಜಾನ ಗಾಡಿ ನಿಲ್ಲಿಸಿದಳು. ಪರದೆಯನ್ನು ಬೆರಳಿನಿಂದ ಅಗಲಿಸಿ ನೋಡಿದಳು. ಹೊಲಗಳ ನಡುವೆ, ಕಾಲುವೆಯ ಪಕ್ಕ ಕೂದಲಿನಂಥ ಒಂದು ಗೆರೆ ಇತ್ತು. ಗಾಡಿ ತಿರುಗಿಸಿ ಆ ಮಣ್ಣುದಾರಿಗಿಳಿದಳು. ಹಿಂದಿರುಗು, ಹಿಂದಿರುಗು ಎಂದು ಪೆಟ್ಟಿಗೆ ಗೋಗರೆಯತೊಡಗಿತು.

"ಅದರ ಮಾತಾದ್ರೂ ಕೇಳವಾ."

"ಸ್ವಲ್ಪ ದೂರ ಹೋದ್ರ ತಾನ ದಾರಿಗೆ ಬರತೈತಿ. ನಿನ್ನಂಗ ಅದು."

ಹಾಗೆಯೇ ಆಯಿತು. ಪೆಟ್ಟಿಗೆ ಒಂದು ಗಳಿಗೆ ಸುಮ್ಮನಾಯಿತು. ನೀಲಿ ಗೆರೆ ಹಳೆಯ ರಸ್ತೆಯನ್ನು ಬಿಟ್ಟು ಜಿಗಿದು ಕಾಲುವೆಯ ದಂಡೆಗೆ ಬಂದು ಕೂತಿತು. ಬಳೆಗಳು ಗಲಗಲ ಎಂದಾಗ ಅವಳು ವೇಗ ತಗ್ಗಿಸಿದಳು, ಮೆತ್ತಗಾದಾಗ ಹೆಚ್ಚಿಸಿದಳು. ನೀರಿನ ಮೇಲೆ ಬಿಸಿಲು ಅವಳ ಜೊತೆಗೇ ಓಡುತ್ತಿತ್ತು. ಬಿಳಿಜೋಳದ ತೆನೆಗಳು ಎರಡೂ ಕಡೆ ತೂಗುತ್ತಿದ್ದವು. ಇಷ್ಟು ವರ್ಷ ತಿರುಗಿದ ಸೀಮೆ ಇಷ್ಟು ಚೆಂದವೆಂದು ಅವಳಿಗೆ ಗೊತ್ತಾದದ್ದು ಇಂದೇ. ಮೋದಿನಸಾಬ ಹಿಂದಕ್ಕೆ ಕೈ ಚಾಚಿ ಡಬ್ಬಿಗಳನ್ನು ಹಿಡಿದುಕೊಂಡ.

ಮಂಜಿಲ್, ಅಂದರೆ ಮುಟ್ಟಬೇಕಾದ ಜಾಗ, ಬಂತು ಎಂದು ಪೆಟ್ಟಿಗೆ ಹೇಳಿದಾಗ ಮುಂದೆ ಹನಮವ್ವನ ಮನೆಯ ಹಂದರ. ಬಾಗಿಲ ಬಳಿ ಮದುಮಗಳ ತಾಯಿಯೇ ನಿಂತಿದ್ದಳು. ಹಂದರದ ಗಳದ ನೆರಳು ಇನ್ನೂ ಓರೆಯಾಗಿತ್ತು; ಹೊತ್ತು ನೆತ್ತಿಗೇರಿರಲಿಲ್ಲ.

"ಬರ್ರಿ ಬಿಬಿಜಾನಕ್ಕಾ. ನಮ್ಮ ಬೀಗರ ಕಾರು ಇನ್ನೂ ತೊಗರಿ ರಾಶ್ಯಾಗ ನಿಂತೈತಂತ. ನೀವ ಹೆಂಗ ಬಂದ್ರಿ?"

"ಕಾಲವಿ ದಂಡಿ ಹಿಡದ ಬಂದ್ನಿರಿ."

ಬಿಬಿಜಾನ ಡಬ್ಬಿಗಳನ್ನು ತೆರೆದು ನೋಡಿದಳು. ಒಂದು ಬಳೆಯೂ ಒಡೆದಿರಲಿಲ್ಲ. ಅವಳು ಅಣ್ಣನ ಕಡೆ ತಿರುಗಿದಳು.

"ಗಾಡಿ ಮಾರೂದು ಯಾವಾಗ?"

"ಯಾರ ಮಾರ್ತೇನಿ ಅಂದ್ರು?" ಮೋದಿನಸಾಬ ಹನಮವ್ವನ ಮುಂದೆ ಎದೆಯುಬ್ಬಿಸಿದ. "ಪೆಟ್ಟಿಗಿ ಹೊಳ್ಳು ಹೊಳ್ಳು ಅಂತಿತ್ರಿ. ಇಕಿ ಕೇಳಲೇ ಇಲ್ಲ. ಅದಕ್ಕ ದಾರಿ ಕಲಿಸಿದಾಕಿ ನಮ್ಮ ತಂಗಿ. ಬಿಬಿ, ಕೀಲಿ ಕೊಡಿಲ್ಲಿ, ನಾನೂ ಒಂದೀಟ ಒತ್ತಿ ನೋಡ್ತೇನಿ. ಆ ಮನಿ ಚಿತ್ರ ಒತ್ತಿದ್ರ ಈಗ ಖರೇನ ಇಂಡಿಗೇ..."

ಬಿಬಿಜಾನ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಹಸಿರು ಬಳೆಯ ಡಬ್ಬಿಯನ್ನು ಟೊಂಕಕ್ಕೆ ಏರಿಸಿಕೊಂಡು, ಕೈ ಚಾಚಿ ಕುಳಿತಿದ್ದ ಪಲ್ಲವಿಯ ಕಡೆಗೆ ಒಳನಡೆದಳು.