ಕೋಶಗಳಿಗೆ ಊಟ ಹಾಕುತ್ತಿದ್ದ ಅಕ್ಕ

ಅಕ್ಕನ ಬೆರಳ ತುದಿಗಳು ಸದಾ ಬಿಳುಚಿಕೊಂಡು ಸುಲಿದಿರುತ್ತಿದ್ದವು. ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಅವರು ನಮ್ಮ ಪ್ರಯೋಗಾಲಯದ ಅಟೆಂಡರ್ ಆಗಿ ಇಪ್ಪತ್ತು ವರ್ಷ ಸ್ಪಿರಿಟ್‌ನಲ್ಲಿ ಕೈ ಒರೆಸಿಕೊಂಡದ್ದರ ಫಲ ಅದು. ವಿದ್ಯಾರಣ್ಯಪುರಂನಿಂದ ಸಿಟಿ ಬಸ್ಸಿನಲ್ಲಿ ಬಂದವರೇ ಮುಡಿದ ಮಲ್ಲಿಗೆ ತೆಗೆದು ಟಿಫನ್ ಡಬ್ಬಿಯ ಮೇಲಿಟ್ಟು ಒಳಗೆ ಹೋಗುತ್ತಿದ್ದರು. ಹೂವಿನ ಜೊತೆ ಬೂಷ್ಟು ಬಂದರೆ ಕೋಶಗಳು ಕೆಡುತ್ತವೆ.

ಅಲ್ಲಿ ಪುಟ್ಟ ತಟ್ಟೆಗಳಲ್ಲಿ, ಪೋಷಕಾಂಶ ಬೆರೆಸಿದ ಕೆಂಪು ನೀರಿನಲ್ಲಿ ಬೆಳೆಯುತ್ತಿದ್ದುದು ಮನುಷ್ಯರ ಲಿವರ್ ಕೋಶಗಳು. ಸೋಫಾದ ಸ್ಪಂಜಿಗೆ, ಟಿವಿಯ ಹೊರಕವಚಕ್ಕೆ ಬೆಂಕಿ ಹತ್ತದಿರಲೆಂದು ಬೆರೆಸುವ ರಾಸಾಯನಿಕಗಳು ಧೂಳಿನೊಂದಿಗೆ ನಮ್ಮೊಳಗೂ ಸೇರುತ್ತವೆ. ಅವು ಲಿವರ್‌ಗೆ ಏನು ಮಾಡುತ್ತವೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಭಾನುವಾರ ನಾನು ಕುವೆಂಪುನಗರದ ಮನೆಯಲ್ಲಿ ಸುಸ್ತಾಗಿ ಮಲಗಿರುವಾಗ ಪ್ರಯೋಗಾಲಯದಿಂದ ಅಕ್ಕನ ಫೋನ್ ಬರುತ್ತಿತ್ತು. "ಕೆಂಪು ನೀರು ಹಳದಿಗೆ ತಿರುಗ್ಯದೆ ಕಣಮ್ಮ, ಹಸ್ಕೊಂಡವೆ. ಊಟ ಹಾಕ್ಬುಟ್ಟೆ, ನೀನು ಮಲಕ್ಕೋ."

ಮೊದಲ ವರ್ಷದ ಕೊನೆಗೆ ರಾಸಾಯನಿಕ ಹಾಕಿದ ಕೋಶಗಳೆಲ್ಲ ಎರಡೇ ದಿನಕ್ಕೆ ಸತ್ತವು. ಗೈಡ್ ಬೆನ್ನು ತಟ್ಟಿದರು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆ ರಾಸಾಯನಿಕ ನೀರಿನಲ್ಲಿ ಕರಗದು. ಬೇರೊಂದು ದ್ರವದಲ್ಲಿ ಕರಗಿಸಿ ಹಾಕುತ್ತಿದ್ದೆ. ಬರೀ ಆ ದ್ರವವನ್ನು ಹಾಕಿದ ತಟ್ಟೆಯೊಂದನ್ನೂ ಹೋಲಿಕೆಗೆಂದು ಪಕ್ಕದಲ್ಲಿ ಇಡಬೇಕಿತ್ತು. ಕೋಶ ಉಳಿಸುವ ಜಿಪುಣತನದಲ್ಲಿ ನಾನು ಇಟ್ಟಿರಲಿಲ್ಲ. ಮಿಕ್ಕ ಕೋಶಗಳಲ್ಲಿ ಅಕ್ಕನೇ ಅಂಥದೊಂದನ್ನು ಇಟ್ಟು, ಆ ತಟ್ಟೆ ಹಿಡಿದು ಬಂದರು.

"ನಿನ್ನ ಕೇಳ್ದೆ ಮಾಡ್ಬುಟ್ಟೆ, ಬೇಜಾರು ಮಾಡ್ಕೋಬೇಡ. ಇವೂ ಸತ್ತೋಗವೆ ನೋಡು."

ಕೊಂದದ್ದು ದ್ರವ, ನಾನು ಅಳತೆ ಮೀರಿ ಹಾಕಿದ್ದೆ. ಅಕ್ಕನ ಮೇಲೇ ಸಿಟ್ಟು ಬಂದು ಎರಡು ದಿನ ಮಾತು ಬಿಟ್ಟೆ. ಆಮೇಲೆ ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು, ವರ್ಷದ ಕೆಲಸವನ್ನು ಮೊದಲಿನಿಂದ ಶುರುಮಾಡಿದೆ.

ಈ ಸಲ ಅಳತೆ ಸರಿಯಿತ್ತು. ಬರೀ ದ್ರವ ಹಾಕಿದ ಕೋಶಗಳು ಚೆನ್ನಾಗಿದ್ದವು. ರಾಸಾಯನಿಕ ಹಾಕಿದವೂ ಸಾಯಲಿಲ್ಲ, ಆದರೆ ಅವುಗಳೊಳಗೆ ಕೊಬ್ಬಿನ ಹನಿಗಳು ತುಂಬಿಕೊಂಡಿದ್ದವು. ಅಕ್ಕ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, "ಸತ್ತೋಗಿದ್ರೆ ಎಲ್ರಿಗೂ ಕಾಣೋದು. ಹಿಂಗಿದ್ರೆ ಯಾರ್ಗೆ ಕಾಣ್ತದೆ?" ಎಂದರು. ಇಬ್ಬರಿಗೂ ಸಾಕುಸಾಕಾಗಿತ್ತು. ಅವತ್ತು ಬೇಗ ಬಾಗಿಲು ಹಾಕಿದೆವು.

ಆದ ತಪ್ಪನ್ನೂ ಪ್ರಬಂಧದಲ್ಲಿ ಬರೆದಿದ್ದೆ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು, "ಈ ತಪ್ಪನ್ನು ಕಂಡುಹಿಡಿದದ್ದು ಯಾರಮ್ಮ?" ಎಂದು ಕೇಳಿದರು. ಆಗ ಅಕ್ಕ ಪರೀಕ್ಷಕರ ಮುಂದೆ ಕಾಫಿ ಇಡುತ್ತಿದ್ದರು.

"ನಾನೇ, ಸರ್" ಎಂದೆ.

ಅಕ್ಕ ಉಳಿದ ಲೋಟಗಳನ್ನೂ ಇಟ್ಟು, ಖಾಲಿ ಟ್ರೇ ಹಿಡಿದು ಹೊರಗೆ ಹೋದರು. ಸಂಜೆ ನನ್ನ ಪರವಾಗಿ ಎಲ್ಲರಿಗೂ ಸಿಹಿ ಹಂಚಿದವರೂ ಅವರೇ. ಆ ಮಾತನ್ನು ಅವರು ಎತ್ತಲಿಲ್ಲ. ನಾನು ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎಂದುಕೊಂಡೇ ಇದ್ದೆ. ಅವರು ನಿವೃತ್ತರಾದರು, ಹೋದ ಆಷಾಢದಲ್ಲಿ ತೀರಿಯೂ ಹೋದರು.

ಈಗ ನಾನೇ ಗೈಡ್. ಮೊನ್ನೆ ನನ್ನ ವಿದ್ಯಾರ್ಥಿನಿಯೊಬ್ಬಳು ಆ ಹಳೆಯ ಪ್ರಬಂಧ ಓದಿ ಬಂದಳು. "ನಿಮ್ಮ ತಪ್ಪನ್ನ ನೀವೇ ಹುಡುಕಿ ಬರ್ದಿದ್ದೀರಲ್ಲ ಮೇಡಂ, ಎಷ್ಟು ಪ್ರಾಮಾಣಿಕರು ನೀವು" ಎಂದಳು.

ಅವಳಿಗೂ ನಾನು ಹೇಳಲಿಲ್ಲ.