ಹೊಗೆ ಓದಿದ ದೆಕ್ಸಿಯಸ್

ಅಥೆನ್ಸಿನ ಬಳಿಯ ಅಖರ್ನಾಯ್ ಊರಿನ ದೆಕ್ಸಿಯಸ್‌ಗೆ ಅಕ್ಷರ ಬರುತ್ತಿರಲಿಲ್ಲ. ಹೊಗೆ ಓದಲು ಬರುತ್ತಿತ್ತು. ಪಾರ್ನಿಸ್ ಬೆಟ್ಟದಲ್ಲಿ ಮರ ಕಡಿದು, ಒಟ್ಟಿ, ಮಣ್ಣು ಮೆತ್ತಿ, ಗೂಡಿನ ಪಕ್ಕದಲ್ಲೇ ದಿನಗಟ್ಟಲೆ ಕೂತು ಇದ್ದಿಲು ಸುಡುವವನು ಅವನು. ಹೊಗೆ ಬೆಳ್ಳಗೆ ದಟ್ಟವಾಗಿದ್ದರೆ ಕಟ್ಟಿಗೆ ಇನ್ನೂ ಹಸಿ, ತೆಳುವಾಗಿ ನೀಲಿಗೆ ತಿರುಗಿದರೆ ಇದ್ದಿಲಾಯಿತೆಂದೇ ಲೆಕ್ಕ. ಒಮ್ಮೆ ಗೂಡು ಕುಸಿದು ಎಡಗಾಲು ಬೆಂದಿತು. ಅಂದಿನಿಂದ ಮನೆಯ ಒಂದೇ ಒಂದು ಗುರಾಣಿ ತಮ್ಮ ಫಿಲಾಗ್ರಸ್‌ನ ಪಾಲಾಯಿತು.

ಸ್ಪಾರ್ಟಾದವರು ದಂಡೆತ್ತಿ ಬಂದ ವರ್ಷ, ಅಥೆನ್ಸಿನ ಮುಂದಾಳು ಪೆರಿಕ್ಲಿಸ್ ಹೇಳಿದಂತೆ ಹಳ್ಳಿಯವರೆಲ್ಲ ಪಟ್ಟಣದ ಕೋಟೆಯೊಳಗೆ ಬಂದು ಸೇರಿದರು. ಬಯಲಲ್ಲಿ ಶತ್ರುವಿಗೆ ಎದುರಾಗುವುದು ಬೇಡ, ಹೊಲ ಹೋದರೆ ಹೋಗಲಿ, ಕಾಳು ಹಡಗಿನಲ್ಲಿ ಬರುತ್ತದೆ, ಏಟು ಸಮುದ್ರದ ಕಡೆಯಿಂದ ಕೊಡೋಣ ಎಂಬುದು ಅವನ ಹೂಟ. ಕೇಳುವುದಕ್ಕೇನೋ ಸರಿ. ಆದರೆ ಶತ್ರು ಬೀಡುಬಿಟ್ಟಿದ್ದು ಅಖರ್ನಾಯ್‌ನಲ್ಲೇ! ಕೋಟೆಗೋಡೆ ಹತ್ತಿದರೆ ತಮ್ಮೂರು ಉರಿಯುವುದು ಕಣ್ಣಿಗೆ ಕಾಣುತ್ತಿತ್ತು.

ಫಿಲಾಗ್ರಸ್ ಈಟಿ ಮಸೆಯತೊಡಗಿದ. ಊರಿನ ನಲವತ್ತು ಜನ ಸೇರಿ ಮಾರನೆಯ ಬೆಳಗ್ಗೆ ಕೋಟೆಬಾಗಿಲು ದಾಟಿ ನುಗ್ಗುವುದೆಂದು ಮಾತಾಗಿತ್ತು.

"ಸಾಯೋಕ್ ಹೊರಟ್ಯಾ?" ಎಂದ ದೆಕ್ಸಿಯಸ್.

"ಮತ್ತೇನು, ನಿನ್ನ ಹಾಗೆ ಗೋಡೆ ಮೇಲೆ ಕೂತು ಅಪ್ಪನ ತೋಟ ಸುಡೋದ್ ನೋಡ್ಲಾ? ಪಟ್ಟಣದೋರು ನಮ್ಮನ್ನ ಗೂಡಿನ ಕೋಳಿ ಅಂತಾರೆ. ಕೇಳಿಸ್ತಿಲ್ವಾ ಅಣ್ಣ?"

"ಕಾಲು ಬೆಂದಿದೆ, ಕಿವಿ ಬೆಂದಿಲ್ಲ. ಬಾ ಮೇಲೆ."

ಗೋಡೆಯ ಮೇಲೆ ನಿಂತು ದೆಕ್ಸಿಯಸ್ ಬೆರಳು ಚಾಚಿದ. "ತೋಟದ ಹೊಗೆ ಬಿಡು. ಅದರಾಚೆ ಸಣ್ಣ ಸಣ್ಣ ಎಳೆ ಕಾಣ್ತಾ? ಅದು ಅವರ ಒಲೆ. ಬಂದ ಹೊಸದ್ರಲ್ಲಿ ಎರಡು ಹೊತ್ತೂ ಏಳ್ತಿತ್ತು. ಐದು ದಿನದಿಂದ ಸಂಜೆ ಮಾತ್ರ. ಇವತ್ತು ಅರ್ಧ ಒಲೆ ಹತ್ತೇ ಇಲ್ಲ. ಕಟ್ಕೊಂಡ್ ಬಂದ ಹಿಟ್ಟು ಮುಗೀತಾ ಬಂತು ಕಣೋ. ಮೂರು ದಿನ ತಾಳು. ಅವರು ಹೊರಡದಿದ್ರೆ ಕುಂಟ್ಕೊಂಡೇ ನಿನ್ನ ಮುಂದೆ ಹೋಗ್ತೀನಿ."

"ನೀನು ಮುಂದೆ ಹೋದ್ರೆ ನಾವು ಅಲ್ಲಿಗೆ ಮುಟ್ಟೋದು ಬರೋ ವರ್ಷ!" ಎಂದು ಫಿಲಾಗ್ರಸ್ ನಕ್ಕ. ಆದರೂ ಗೆಳೆಯರನ್ನು ಒಪ್ಪಿಸಿದ.

ಎರಡನೆಯ ದಿನ ಹೊಗೆ ಇಳಿಯುವ ಬದಲು ಮೋಡದಂತೆ ಎದ್ದಿತು. "ಏನಪ್ಪಾ ಹೊಗೆ ಜೋಯಿಸ, ಹಿಟ್ಟು ಮುಗೀತಾ?" ಎಂದು ನಲವತ್ತೂ ಜನ ಮುತ್ತಿಕೊಂಡರು. ಕೆಲವರಂತೂ ಎದೆಕವಚ ಬಿಗಿದುಕೊಂಡೇ ಬಂದಿದ್ದರು. ದೆಕ್ಸಿಯಸ್ ಗೋಡೆಯಂಚಿಗೆ ಬಾಗಿದ. ಕಣ್ಣು ಕಿರಿದು ಮಾಡಿ ನೋಡೇ ನೋಡಿದ. ಹೊಗೆ ಹಾಲಿನಂತೆ ಬಿಳಿ.

"ಥೂ, ದಡ್ಡರಾ! ಹಸಿ ಆಲಿವ್ ಮರಕ್ಕೆ ಬೆಂಕಿ ಇಡ್ತಿದಾರೆ. ಅದು ಉರಿಯುತ್ತೇನ್ರೋ? ಬರೀ ಹೊಗೆ. ಹೊರಡೋ ಅವಸರದಲ್ಲಿ ಇರೋರ ಕೆಲಸ ಇದು. ಇನ್ನೊಂದು ದಿನ!"

ಗೊಣಗುತ್ತಲೇ ಕವಚ ಬಿಚ್ಚಿದರು.

ಮೂರನೆಯ ದಿನ ಸಂಜೆಯಾದರೂ ಅಖರ್ನಾಯ್‌ನಲ್ಲಿ ಒಂದೇ ಒಂದು ಒಲೆ ಹೊಗೆಯಾಡಲಿಲ್ಲ. ದಂಡಿನ ಧೂಳು ಬಡಗಲ ದಾರಿ ಹಿಡಿದು ದೂರವಾಗುತ್ತಿತ್ತು. ಅಷ್ಟು ಹೊತ್ತಿಗೆ ಅಥೆನ್ಸಿನ ನೂರು ಹಡಗು ಸ್ಪಾರ್ಟಾದವರ ಕಡಲ ದಂಡೆಯ ಊರುಗಳ ಕಡೆಗೆ ಹೊರಟೂ ಆಗಿತ್ತು. ಗೋಡೆಯುದ್ದಕ್ಕೂ ಕೇಕೆ ಎದ್ದಿತು. ಕೋಳಿ ಎಂದು ಆಡಿಕೊಂಡಿದ್ದ ಪಟ್ಟಣದವರೇ ದ್ರಾಕ್ಷಾರಸದ ಗಡಿಗೆ ಹೊತ್ತು ತಂದರು. ಫಿಲಾಗ್ರಸ್ ಅಣ್ಣನನ್ನು ಮಗುವಿನಂತೆ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

"ಇಳಿಸೋ, ಬಿದ್ದೋಗ್ತೀನಿ!"

"ಹ್ಯಾಗ್ ಬೀಳ್ತೀಯಣ್ಣ? ಹಿಡ್ಕೊಳ್ಳೋಕೆ ನಲವತ್ತೂ ಜನ ಇದೀವಲ್ಲ!"