ಲಟಿಗೆ ಡಾಕ್ಟರ ಸಹಿ

ನಮ್ಮೂರಿನಲ್ಲಿ ಅವರನ್ನು ಲಟಿಗೆ ಡಾಕ್ಟರು ಎಂದೇ ಕರೆಯುತ್ತಾರೆ. ಹೆಸರು ಆರ್ಲೊ ಸ್ಯಾಂಡ್ವಿಕ್, ಕಸುಬು ಕೈರೋಪ್ರಾಕ್ಟರ್, ಅಂದರೆ ಕೈಯಿಂದಲೇ ಬೆನ್ನುಮೂಳೆ ಸರಿಪಡಿಸುವವರು. ಟ್ರ್ಯಾಕ್ಟರ್ ಓಡಿಸಿ ಸೊಂಟ ಹಿಡಿದುಕೊಂಡವರು, ಹಿಮ ತೋಡಿ ಕುತ್ತಿಗೆ ಉಳುಕಿಸಿಕೊಂಡವರು ಬಂದು ಮೇಜಿನ ಮೇಲೆ ಬೋರಲು ಮಲಗಿದರೆ, ಅವರ ಬೆನ್ನುಮೂಳೆ ಲಟಲಟ ಎನ್ನುವುದು ಹೊರಗೆ ಕೂತ ನನಗೂ ಕೇಳಿಸುತ್ತದೆ. ಇಪ್ಪತ್ತಾರು ವರ್ಷದಿಂದ ಕೇಳಿಸಿಕೊಳ್ಳುತ್ತಿದ್ದೇನೆ. ನಾನು ಲವೋನ್. ಆ ಕ್ಲಿನಿಕ್ಕಿನಲ್ಲಿ ಫೋನ್ ಎತ್ತುವುದು, ಕಾಗದ ತುಂಬುವುದು, ಬಂದವರ ಕೊಂಕುಮಾತಿಗೆ ಉತ್ತರ ಕೊಡುವುದು ಎಲ್ಲ ನನ್ನ ಪಾಲಿನದು.

ಗೋಡೆಯ ಮೇಲೆ ರಾಜ್ಯ ಮಂಡಳಿ ಕೊಟ್ಟ ಲೈಸೆನ್ಸಿಗೆ ಕಟ್ಟು ಹಾಕಿಸಿ ನೇತುಹಾಕಿದ್ದಾರೆ. ಅದರ ಪ್ರಕಾರ ಡಾಕ್ಟರು ಮೂಳೆ ಮುಟ್ಟಬಹುದು, ಎಕ್ಸ್‌ರೇ ತೆಗೆಯಬಹುದು. ಮಾತ್ರೆ ಬರೆದುಕೊಡುವಂತಿಲ್ಲ, ಸೂಜಿ ಚುಚ್ಚುವಂತಿಲ್ಲ. ನದಿ ದಾಟಿ ಪಕ್ಕದ ರಾಜ್ಯಕ್ಕೆ ಹೋದರೆ ಇದೇ ಕಸುಬಿನವರು ಸೂಜಿಯನ್ನೂ ಹಾಕುತ್ತಾರೆ, ಅಲ್ಲಿಯ ಕಾನೂನು ಬೇರೆ. ಒಮ್ಮೆ ನಾನು ಬೆರಳು ಕುಯ್ದುಕೊಂಡಾಗ, "ಮೂರು ಹೊಲಿಗೆ ತಾನೆ, ಹಾಕ್ಬಿಡಿ ಡಾಕ್ಟ್ರೇ" ಎಂದೆ. "ಗೋಡೆ ಮೇಲಿಂದ ಅದು ನೋಡ್ತಾ ಇದೆ ಲವೋನ್" ಎಂದವರೇ ಬಟ್ಟೆ ಸುತ್ತಿ, ಕಾರಿಗೆ ಹತ್ತಿಸಿಕೊಂಡು, ನಲವತ್ತು ಮೈಲಿ ದೂರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಇಂಥ ಮನುಷ್ಯ ಜೀವಮಾನದಲ್ಲಿ ಒಂದೇ ಸಲ ಹೆಚ್ಚಿನ ಅಧಿಕಾರ ಬೇಡಿದರು. ಶಾಲೆಯ ಆಟದಲ್ಲಿ ತಲೆಗೆ ಪೆಟ್ಟು ಬಿದ್ದ ಮಕ್ಕಳನ್ನು ವೈದ್ಯರ ಸಹಿಯಿಲ್ಲದೆ ಮತ್ತೆ ಆಟಕ್ಕೆ ಇಳಿಸಬಾರದು ಎಂಬ ಕಾನೂನು ಬರುವುದರಲ್ಲಿತ್ತು. ಸಹಿ ಹಾಕಬಲ್ಲವರ ಪಟ್ಟಿಯಲ್ಲಿ ಕೈರೋಪ್ರಾಕ್ಟರ್ ಎಂಬ ಪದವೂ ಇರಬೇಕು, ನಮ್ಮಂಥ ಊರಿಗೆ ಬೇರೆ ಯಾರಿದ್ದಾರೆ ಎಂದು ರಾಜಧಾನಿಗೆ ಹನ್ನೊಂದು ಸಲ ಅಲೆದರು. "ನಾಳೆ ಕಣ್ಣಿನ ಆಪರೇಷನ್ನೂ ಮಾಡ್ತೀವಿ ಅಂತೀರಾ?" ಎಂದು ದೊಡ್ಡ ಆಸ್ಪತ್ರೆಯ ಡಾಕ್ಟರೊಬ್ಬರು ಎಲ್ಲರೆದುರು ಹಂಗಿಸಿದರಂತೆ. ಕೊನೆಗೂ ಪದ ಸೇರಿತು. ಅವತ್ತು ಎರಡು ಡಬ್ಬ ಡೋನಟ್ ತಂದು ದಾರಿಹೋಕರಿಗೂ ಹಂಚಿದರು.

ಆ ಪದ ಅವರ ಕುತ್ತಿಗೆಗೇ ಬಂದದ್ದು ಈ ಫೆಬ್ರವರಿಯಲ್ಲಿ. ಅದೂ ನನ್ನ ಮೊಮ್ಮಗಳಿಂದ.

ಟೆಸ್ಸಾಗೆ ಹದಿನೇಳು. ಕುಸ್ತಿಯಲ್ಲಿ ನಮ್ಮ ಶಾಲೆಯಿಂದ ರಾಜ್ಯಮಟ್ಟಕ್ಕೆ ಹೋಗಲಿದ್ದ ಮೊದಲ ಹುಡುಗಿ. ಪಂದ್ಯಕ್ಕೆ ಹತ್ತು ದಿನ ಇದ್ದಾಗ ಅಭ್ಯಾಸದಲ್ಲಿ ತಲೆ ನೆಲಕ್ಕೆ ಬಡಿದು ಬಿದ್ದಳು, ವಾಂತಿ ಮಾಡಿಕೊಂಡಳು. ಮತ್ತೆ ಆಡಬೇಕಾದರೆ ತಲೆ ನೋವು ಪೂರ್ತಿ ಹೋಗಿರಬೇಕು, ಆಟದ ಋತು ಶುರುವಾಗುವಾಗ ಕೊಟ್ಟ ಪರೀಕ್ಷೆಯಲ್ಲಿ ಬಂದಷ್ಟೇ ಅಂಕ ಈಗಲೂ ಬರಬೇಕು. ಬಂದರೆ ಸಹಿ.

ಶರತ್ಕಾಲದ ಆ ಪರೀಕ್ಷೆಯನ್ನು ಕ್ಲಿನಿಕ್ಕಿನಲ್ಲಿ ಮಾಡಿಸಿದವಳು ನಾನು. ತಿಂಗಳುಗಳನ್ನು ಹಿಂದಿನಿಂದ ಹೇಳು ಎಂದರೆ ಟೆಸ್ಸಾ, "ಡಿಸೆಂಬರ್, ನವೆಂಬರ್, ಅಕ್ಟೋಬರ್, ಸೆಪ್ಟೆಂಬರ್..." ಎಂದು ನಿಲ್ಲಿಸಿ, ತಲೆ ಕೆರೆದುಕೊಂಡು, ನನ್ನತ್ತ ಕಣ್ಣು ಹೊಡೆದಳು. ಒಂಟಿ ಕಾಲಿನ ಮೇಲೆ ನಿಲ್ಲು ಎಂದರೆ ಬೇಕೆಂದೇ ಬಿದ್ದಳು. ಕುಸ್ತಿ ಮಕ್ಕಳೆಲ್ಲ ಮಾಡುವುದೇ ಹೀಗೆ. ಮೊದಲೇ ಕಡಿಮೆ ಅಂಕ ತೆಗೆದಿಟ್ಟುಕೊಂಡರೆ ಪೆಟ್ಟು ಬಿದ್ದ ಮೇಲೆ ಅಷ್ಟು ತೆಗೆಯುವುದು ಸುಲಭ ಎಂದು ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುತ್ತಾರೆ. ನಾನು ನಕ್ಕು, ಬಂದ ಅಂಕವನ್ನೇ ಬರೆದುಕೊಂಡೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆ ವಾರ ಊರಿಗೆ ಊರೇ ಕ್ಲಿನಿಕ್ಕಿನ ಬಾಗಿಲಲ್ಲಿತ್ತು. ಹತ್ತೊಂಬತ್ತು ವರ್ಷದಿಂದ ಆ ಮೇಜಿನ ಮೇಲೆ ಬೆನ್ನು ಸರಿಮಾಡಿಸಿಕೊಂಡ ಕೋಚ್ ಡೆಂಕರ್, "ಒಂದು ಸಹಿ ಹಾಕೋಕೆ ನಿಮ್ಮಪ್ಪನ ಮನೆ ಗಂಟೇನ್ರೀ ಹೋಗುತ್ತೆ?" ಎಂದ. ಬೆನ್ನು ತೋರಿಸಲು ಬರಬೇಕಿದ್ದ ನಾಲ್ವರು ಫೋನ್ ಮಾಡಿ, ಶನಿವಾರದ ಪಂದ್ಯ ಏನಾಗುತ್ತೋ ನೋಡಿಕೊಂಡು ಆಮೇಲೆ ಬರ್ತೀವಿ ಎಂದರು. ಟೆಸ್ಸಾಳ ಅಪ್ಪ, ನನ್ನ ಮಗನೇ, "ಅಮ್ಮಾ, ನಿನ್ ಡಾಕ್ಟ್ರಿಗೆ ಸ್ವಲ್ಪ ಬುದ್ಧಿ ಹೇಳು" ಎಂದ.

"ಆಸ್ಪತ್ರೆಗೆ ಕಳಿಸಿ ಕೈ ತೊಳ್ಕೊಳ್ಳಿ ಡಾಕ್ಟ್ರೇ" ಎಂದೆ ನಾನು.

"ಅಂಕ ಸರಿಯಿದ್ರೂ ಕಳಿಸಿದ್ರೆ ಅಲ್ಲಿಯವರು ಏನಂತಾರೆ? ಅಧಿಕಾರ ಬೇಕು ಅಂತ ಬಾಯಿ ಬಡ್ಕೊಂಡವನು ಸಹಿ ಹಾಕೋಕೆ ಹೆದರ್ದ ಅಂತಾರೆ. ಪಟ್ಟಿಯಿಂದ ನಮ್ಮನ್ನ ಕಿತ್ತಾಕೋಕೆ ಅಷ್ಟು ಸಾಕು." ಅಂಗೈಯಿಂದ ಮುಖ ಉಜ್ಜಿಕೊಂಡರು. "ನನ್ನ ಕೈಯಾರೆ ಕಟ್ಟಿಸ್ಕೊಂಡ ಬೋನು ಲವೋನ್ ಇದು."

ಗುರುವಾರ ಮಧ್ಯಾಹ್ನ ಟೆಸ್ಸಾ ಬಂದಳು. ಕೋಚ್ ಹೊರಗೆ ಕೂತ. ತಲೆ ನೋವು ಹೋಗಿದೆ ಎಂದಳು. ಡಾಕ್ಟರು ತಿಂಗಳು ಹೇಳಿಸಿದರು. ಸೆಪ್ಟೆಂಬರ್‌ವರೆಗೆ ಸರಸರನೆ ಬಂದು ಕಿಟಕಿಯತ್ತ ನೋಡುತ್ತಾ ನಿಂತಳು. ಒಂಟಿ ಕಾಲಿನಲ್ಲಿ ನಿಲ್ಲಹೋಗಿ ವಾಲಿದಳು. ಎಂಥ ನಾಟಕದವಳಪ್ಪ ಎಂದುಕೊಂಡೆ ನಾನು. ಲೆಕ್ಕ ಹಾಕಿದರೆ ಹಳೆಯ ಅಂಕವೂ ಇವತ್ತಿನದೂ ಒಂದೇ.

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು. ಸಹಿ ಹಾಕಲಿಲ್ಲ. ಹಳೆಯ ಹಾಳೆಯನ್ನು ನನ್ನ ಮುಂದೆ ಸರಿಸಿದರು.

"ಇದು ನಿಮ್ಮ ಕೈಬರಹ. ಈ ಅಂಕ ನಿಜಾನಾ?"

ಅಲ್ಲ ಎಂದರೆ ನಾನು ಸುಳ್ಳು ದಾಖಲೆ ಬರೆದವಳು, ಅವರು ಸುಳ್ಳು ದಾಖಲೆ ಇಟ್ಟುಕೊಂಡ ಡಾಕ್ಟರು. ಮಂಡಳಿಗೆ ಗೊತ್ತಾದರೆ ಗೋಡೆಯ ಮೇಲಿನ ಆ ಕಟ್ಟು ಕೆಳಗಿಳಿಯುತ್ತದೆ. ಮೊಮ್ಮಗಳು ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ಹೌದು ಎಂದರೆ ಶನಿವಾರ ಅವಳ ತಲೆ ಮತ್ತೊಮ್ಮೆ ನೆಲಕ್ಕೆ ಬಡಿಯಬಹುದು. ಟೆಸ್ಸಾ ನನ್ನನ್ನೇ ನೋಡುತ್ತಿದ್ದಳು.

"ಸುಳ್ಳು ಡಾಕ್ಟ್ರೇ" ಎಂದೆ. "ಬೇಕಂತ ತಪ್ಪು ಹೇಳಿದ್ಲು. ನಂಗೆ ಗೊತ್ತಿತ್ತು. ನಕ್ಕೊಂಡು ಬರ್ದೆ."

ಹುಡುಗಿ ಈಗ ಕಿರುಚುತ್ತಾಳೆ, ಬಾಗಿಲು ಬಡಿದುಕೊಂಡು ಹೋಗುತ್ತಾಳೆ ಎಂದು ಕಾದೆ. ಅವಳು ಕೂತಲ್ಲಿಂದ ಏಳಲಿಲ್ಲ.

"ಅಜ್ಜಿ, ಅವತ್ತು ನಾಟಕ ಮಾಡಿದ್ದೆ. ಇವತ್ತು ಮಾಡ್ಲಿಲ್ಲ" ಎಂದಳು. "ಇವತ್ತು ಪೂರ್ತಿ ಹೇಳಿಬಿಡೋಣ ಅಂತಾನೇ ಬಂದಿದ್ದೆ. ಸೆಪ್ಟೆಂಬರ್ ಆದ್ಮೇಲೆ ಏನೂ ಸಿಗ್ತಿಲ್ಲ ಅಜ್ಜಿ. ಯಾವ್ದು ಬರುತ್ತೆ?"

ಡಾಕ್ಟರು ಪೆನ್ನು ಮುಚ್ಚಿ, ಕೋಟು ಹಾಕಿಕೊಂಡು, ಕಾರಿನ ಕೀಲಿ ಎತ್ತಿಕೊಂಡರು. ಹೊರಗೆ ಕೋಚ್ ಎದ್ದು ನಿಂತು, "ಆಯ್ತಾ ಸಹಿ?" ಎಂದ. ನಾವು ಮೂವರೂ ಅವನನ್ನು ದಾಟಿ ಹೋಗಿ ಕಾರು ಹತ್ತಿದೆವು. ಆಸ್ಪತ್ರೆಯವರೆಗಿನ ನಲವತ್ತು ಮೈಲಿಯೂ ಟೆಸ್ಸಾ ನನ್ನ ಕೈ ಬಿಡಲಿಲ್ಲ. ಆಗಸ್ಟ್ ಮಗಳೇ, ಎಂದೆ. ಅವಳು ಆಗಸ್ಟ್ ಎಂದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, ಯಾವ್ದು ಬರುತ್ತೆ ಅಜ್ಜಿ, ಎಂದು ಕೇಳಿದಳು.